ಬಿಡಿ ಅಧ್ಯಾಯ ಸರಿ, ಪುಸ್ತಕ ಮಾತ್ರ ಕೆಟ್ಟಿದೆ: ಎಕ್ಸ್‌ಎಂಎಲ್ ಪ್ರಿವ್ಯೂ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಗಂಟಿನ ಸುತ್ತ ಸುತ್ತುತ್ತಿವೆ. ಕೈಪಿಡಿ, ಪಠ್ಯಪುಸ್ತಕ, ನಿಯಮಾವಳಿಗಳನ್ನು ಎಕ್ಸ್‌ಎಂಎಲ್‌ನಲ್ಲಿ (ಪಠ್ಯದ ಪ್ರತಿ ಭಾಗಕ್ಕೂ ಟ್ಯಾಗ್ ಹಾಕಿ ಬರೆಯುವ ವಿಧಾನ) ಬರೆಯುವವರು ಅವನ್ನು ಹತ್ತಾರು ಫೈಲ್‌ಗಳಾಗಿ ಒಡೆದಿಟ್ಟಿರುತ್ತಾರೆ. ಓದುವವರ ಕೈಗೆ ಹೋಗುವುದು ಅವೆಲ್ಲ ಸೇರಿದ ಒಂದು ಪುಸ್ತಕ. ಅಕ್ಷರದ ಗಾತ್ರ, ಬಣ್ಣ, ಅಂಚುಗಳ ನಿಯಮ, ಅಂದರೆ ಸ್ಟೈಲ್, ಬರೆಯುವವರ ಪರದೆಯ ಮೇಲೆ ಇರುವುದು ಯಾವುದು, ಬಿಡಿ ಫೈಲೋ ಸೇರಿದ ಪುಸ್ತಕವೋ? ತಕರಾರೆಲ್ಲ ಅಲ್ಲಿಂದಲೇ ಶುರು.

ಒಂದು ಸೂಚನೆ: ಕಮಾಂಡ್, ಟ್ಯಾಗ್ ಮತ್ತು ಆಯ್ಕೆಗಳ ಹೆಸರನ್ನು ಕನ್ನಡ ಲಿಪಿಯಲ್ಲೇ ಅಚ್ಚು ಮಾಡಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷಿನಲ್ಲಿ ಮಾಡಿ. ‘ಆಯ್ಕೆ’ ಎಂದು ಹೇಳಿದ ಕಡೆ ಅದರ ಹೆಸರಿನ ಆರಂಭದಲ್ಲಿ ಎರಡು ಅಡ್ಡಗೆರೆ (--) ಇದೆ ಎಂದು ತಿಳಿಯಿರಿ.

ಪ್ರಶ್ನೆ: ಯಂತ್ರವೊಂದರ ಕೈಪಿಡಿಯನ್ನು ಡಾಕ್‌ಬುಕ್‌ನಲ್ಲಿ (ಪುಸ್ತಕ, ಕೈಪಿಡಿಗಳಿಗೆಂದೇ ಇರುವ ಎಕ್ಸ್‌ಎಂಎಲ್ ಟ್ಯಾಗ್‌ಗಳ ಗುಂಪು) ಬರೆಯುತ್ತಿದ್ದೇವೆ. ಮುಖ್ಯ ಫೈಲಿನಲ್ಲಿ ಪುಸ್ತಕದ ಹೆಸರು, ಮುನ್ನುಡಿ ಇವೆ. ಹದಿನಾಲ್ಕು ಅಧ್ಯಾಯಗಳು ಬೇರೆ ಬೇರೆ ಫೈಲಿನಲ್ಲಿದ್ದು ಎಕ್ಸ್‌ಇನ್‌ಕ್ಲೂಡ್ ಮೂಲಕ ಒಳಗೆ ಬರುತ್ತವೆ. ಸಿಎಸ್‌ಎಸ್ (ಸ್ಟೈಲ್ ನಿಯಮಗಳ ಫೈಲ್) ಜೋಡಿಸಿ ಮುಖ್ಯ ಫೈಲನ್ನು ಬ್ರೌಸರಿನಲ್ಲಿ ತೆರೆದರೆ ಮುನ್ನುಡಿಯ ಕೆಳಗೆ ಬರೀ ಬಿಳಿ. ಅಧ್ಯಾಯಗಳನ್ನು ಒಂದೊಂದಾಗಿ ತೆರೆದರೆ ಚೆನ್ನಾಗಿಯೇ ಕಾಣುತ್ತವೆ. ಸಿಎಸ್‌ಎಸ್‌ನಲ್ಲಿ ಎಲ್ಲಿ ತಪ್ಪಿದೆ?
— ಓದುಗರು, ಧಾರವಾಡ

ಉತ್ತರ: ಸಿಎಸ್‌ಎಸ್‌ನಲ್ಲಿ ತಪ್ಪಿಲ್ಲ. ಎಕ್ಸ್‌ಇನ್‌ಕ್ಲೂಡ್ 2004ರ ಡಿಸೆಂಬರಿನಲ್ಲೇ ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯು3ಸಿಯ ಶಿಫಾರಸಾಗಿ ಹೊರಬಂದಿದ್ದರೂ ಬ್ರೌಸರ್‌ಗಳು ಅದನ್ನು ಅಳವಡಿಸಿಕೊಳ್ಳಲಿಲ್ಲ. ನಿಮ್ಮ ‘ಇನ್‌ಕ್ಲೂಡ್’ ಟ್ಯಾಗ್ ಬ್ರೌಸರಿನ ಕಣ್ಣಿಗೆ ಹೆಸರು ಗೊತ್ತಿಲ್ಲದ ಒಂದು ಖಾಲಿ ಟ್ಯಾಗ್, ಅಷ್ಟೆ. ಹಳೆಯ ಎಂಟಿಟಿ ವಿಧಾನದಲ್ಲಿ (ಒಂದು ಹೆಸರು ಬರೆದರೆ ಅದರ ಜಾಗಕ್ಕೆ ಬೇರೆಡೆಯ ಪಠ್ಯ ಬರುವುದು) ಅಧ್ಯಾಯಗಳನ್ನು ಸೇರಿಸಿದ್ದರೂ ಇದೇ ಗತಿ. ಹೊರಗಿನ ಎಂಟಿಟಿ ಫೈಲ್‌ಗಳನ್ನು ಬ್ರೌಸರ್ ತರಿಸಿಕೊಳ್ಳುವುದಿಲ್ಲ.

ಆದ್ದರಿಂದ ಮೊದಲು ಜೋಡಣೆ, ಆಮೇಲೆ ಪ್ರಿವ್ಯೂ. ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಏನೂ ಬೇಡ. ಲಿಬ್‌ಎಕ್ಸ್‌ಎಂಎಲ್2 ಎಂಬ ಲೈಬ್ರರಿಯ ಜೊತೆ ಬರುವ ಎಕ್ಸ್‌ಎಂಎಲ್‌ಲಿಂಟ್ ಕಮಾಂಡ್ ಸಾಕು. ಉಬುಂಟು, ಡೆಬಿಯನ್‌ಗಳಲ್ಲಿ ಅದು ಲಿಬ್‌ಎಕ್ಸ್‌ಎಂಎಲ್2-ಯುಟಿಲ್ಸ್ ಎಂಬ ಪ್ಯಾಕೇಜಿನಲ್ಲಿದೆ. ‘ಎಕ್ಸ್‌ಇನ್‌ಕ್ಲೂಡ್’ ಆಯ್ಕೆ, ‘ಎನ್‌ಕೋಡ್’ ಆಯ್ಕೆಗೆ ಯುಟಿಎಫ್-8, ‘ಔಟ್‌ಪುಟ್’ ಆಯ್ಕೆಗೆ ಹೊಸ ಫೈಲಿನ ಹೆಸರು, ಕೊನೆಯಲ್ಲಿ ಮುಖ್ಯ ಫೈಲಿನ ಹೆಸರು: ಇಷ್ಟು ಕೊಟ್ಟರೆ ಹದಿನಾಲ್ಕೂ ಅಧ್ಯಾಯ ಸೇರಿದ ಒಂದು ಫೈಲ್ ಸಿಗುತ್ತದೆ. ಎಂಟಿಟಿಗಳೂ ಇದ್ದರೆ ‘ನೋಎಂಟ್’ ಆಯ್ಕೆ ಸೇರಿಸಿ. ಅದರ ಹೆಸರು ‘ಎಂಟಿಟಿ ಬೇಡ’ ಎಂಬಂತೆ ಕೇಳಿಸುತ್ತದೆ. ಮಾಡುವ ಕೆಲಸ ಎಂಟಿಟಿಯನ್ನು ಬಿಡಿಸಿ ಅದರ ಜಾಗದಲ್ಲಿ ಪಠ್ಯ ಹಾಕುವುದು. ಗೊಂದಲಕ್ಕೆ ಹೇಳಿಮಾಡಿಸಿದ ಹೆಸರು.

ಎನ್‌ಕೋಡ್ ಆಯ್ಕೆಯನ್ನು ಬಿಡಬೇಡಿ. ಮುಖ್ಯ ಫೈಲಿನ ಮೊದಲ ಸಾಲಿನಲ್ಲಿ ಎನ್‌ಕೋಡಿಂಗ್ (ಅಕ್ಷರಗಳನ್ನು ಉಳಿಸುವ ಸಂಕೇತ ಪದ್ಧತಿ) ಹೇಳಿರದಿದ್ದರೆ ಎಕ್ಸ್‌ಎಂಎಲ್‌ಲಿಂಟ್ ಕನ್ನಡ ಅಕ್ಷರಗಳನ್ನೆಲ್ಲ ಸಂಖ್ಯಾ ಸಂಕೇತಗಳಾಗಿ ಬರೆದುಬಿಡುತ್ತದೆ. ಬ್ರೌಸರಿನಲ್ಲಿ ಅದು ಸರಿಯಾಗಿಯೇ ಕಾಣುತ್ತದೆ. ಆದರೆ ಜೋಡಿಸಿದ ಫೈಲನ್ನು ಎಡಿಟರಿನಲ್ಲಿ ತೆರೆದು ಒಂದು ಪದ ಹುಡುಕಲು ಹೋದರೆ ಏನೂ ಸಿಗದು.

ಜೋಡಿಸಿದ ಫೈಲನ್ನು ಮುಖ್ಯ ಫೈಲ್ ಇರುವ ಫೋಲ್ಡರಿನಲ್ಲೇ ಇಡಿ. ಬೇರೆಡೆ ಇಟ್ಟರೆ ಸಿಎಸ್‌ಎಸ್‌ನ ದಾರಿ ತಪ್ಪುತ್ತದೆ. ಅದಕ್ಕೆ ಓದಲು ಮಾತ್ರ ಅನುಮತಿ ಕೊಡಿ. ಇಲ್ಲವಾದರೆ ಪ್ರಿವ್ಯೂ ನೋಡುತ್ತಿದ್ದವರು ಕಣ್ಣಿಗೆ ಬಿದ್ದ ಕಾಗುಣಿತದ ತಪ್ಪನ್ನು ಅಲ್ಲೇ ತಿದ್ದುತ್ತಾರೆ, ಮುಂದಿನ ಜೋಡಣೆಯಲ್ಲಿ ಆ ತಿದ್ದುಪಡಿ ಮಾಯ.

ಸ್ಟೈಲ್‌ಶೀಟ್ ಕೊಂಡಿಯ ಸಾಲು ಮುಖ್ಯ ಫೈಲಿನ ತಲೆಯಲ್ಲಿ ಇರಲೇಬೇಕು. ಪ್ರತಿ ಅಧ್ಯಾಯದ ಫೈಲಿನಲ್ಲೂ ಅಂಥದೇ ಸಾಲು ಹಾಕಿದ್ದರೆ ಅವೂ ಜೋಡಣೆಯಲ್ಲಿ ಒಳಗೆ ಬರುತ್ತವೆ, ಏಕೆಂದರೆ ಎಕ್ಸ್‌ಇನ್‌ಕ್ಲೂಡ್ ಬಿಡುವುದು ಫೈಲ್ ಯಾವ ಬಗೆಯದೆಂದು ಹೇಳುವ ಡಾಕ್‌ಟೈಪ್ ಸಾಲನ್ನು ಮಾತ್ರ. ಪುಸ್ತಕದ ನಡುವೆ ಬಿದ್ದ ಆ ಸಾಲುಗಳಿಗೆ ಯಾವ ಬೆಲೆಯೂ ಇಲ್ಲ. ಅಧ್ಯಾಯ ಐದಕ್ಕೆ ಮಾತ್ರ ಬೇರೆ ಸಿಎಸ್‌ಎಸ್ ಕೊಟ್ಟಿದ್ದರೆ ಅದು ಬಿಡಿಯಾಗಿ ತೆರೆದಾಗ ಕೆಲಸ ಮಾಡಿ, ಪುಸ್ತಕದಲ್ಲಿ ಕಾಣೆಯಾಗುವುದು ಈ ಕಾರಣಕ್ಕೆ.

ಸಿಎಸ್‌ಎಸ್ ಮಾತ್ರ ಇದ್ದರೆ ಜೋಡಿಸಿದ ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆದರೆ ಸಾಕು. ಎಕ್ಸ್‌ಎಸ್‌ಎಲ್‌ಟಿ ಸ್ಟೈಲ್‌ಶೀಟ್ (ಎಕ್ಸ್‌ಎಂಎಲ್ ಅನ್ನು ಎಚ್‌ಟಿಎಂಎಲ್‌ನಂಥ ಬೇರೆ ರೂಪಕ್ಕೆ ಬದಲಿಸುವ ನಿಯಮಗಳ ಫೈಲ್) ಜೋಡಿಸಿದ್ದರೆ ಡಿಸ್ಕಿನಿಂದ ನೇರ ತೆರೆದಾಗ ಬ್ರೌಸರ್ ಭದ್ರತೆಯ ಕಾರಣಕ್ಕೆ ತಡೆಯುತ್ತದೆ. ಪೈಥಾನಿನ ಎಚ್‌ಟಿಟಿಪಿ ಸರ್ವರ್ ಒಂದನ್ನು ಆ ಫೋಲ್ಡರಿನಲ್ಲಿ ನಡೆಸಿ ಅದರ ಮೂಲಕ ತೆರೆಯಬೇಕು. ಆ ದಾರಿಗೆ ಈಗ ಹೊಸದಾಗಿ ಇಳಿಯಬೇಡಿ. ಬ್ರೌಸರ್‌ಗಳಲ್ಲಿ ಇರುವುದು ಎಕ್ಸ್‌ಎಸ್‌ಎಲ್‌ಟಿಯ 1.0 ಆವೃತ್ತಿ ಮಾತ್ರ, ಅದನ್ನೂ ತೆಗೆದುಹಾಕುವುದಾಗಿ ಕ್ರೋಮ್ ತಂಡ 2025ರಲ್ಲಿ ಪ್ರಕಟಿಸಿದೆ. ಎಕ್ಸ್‌ಎಸ್‌ಎಲ್‌ಟಿ ನಡೆಸುವ ಸಾಧನಗಳಾದ ಎಕ್ಸ್‌ಎಸ್‌ಎಲ್‌ಟಿಪ್ರಾಕ್ ಅಥವಾ ಸ್ಯಾಕ್ಸನ್‌ನಲ್ಲಿ ಮೊದಲೇ ಎಚ್‌ಟಿಎಂಎಲ್ ಮಾಡಿಕೊಂಡು ಅದನ್ನು ನೋಡಿ. ಇವೂ ತಾವಾಗಿ ಜೋಡಿಸುವುದಿಲ್ಲ. ಎಕ್ಸ್‌ಎಸ್‌ಎಲ್‌ಟಿಪ್ರಾಕ್‌ಗೆ ‘ಎಕ್ಸ್‌ಇನ್‌ಕ್ಲೂಡ್’ ಆಯ್ಕೆ, ಸ್ಯಾಕ್ಸನ್‌ಗೆ ಒಂದೇ ಅಡ್ಡಗೆರೆಯ ‘ಎಕ್ಸ್‌ಐ:ಆನ್’ ಕೊಡಬೇಕು.

ಇನ್ನೊಂದು ಎಚ್ಚರಿಕೆ. ಫೈಲ್ ಸಿಗದಿದ್ದಾಗ ಏನಾಗಬೇಕು ಎಂದು ಹೇಳುವ ‘ಫಾಲ್‌ಬ್ಯಾಕ್’ ಟ್ಯಾಗನ್ನು ಹಲವರು ಖಾಲಿ ಬಿಡುತ್ತಾರೆ. ಖಾಲಿ ಇದ್ದರೆ ಹೆಸರು ತಪ್ಪಿದ ಅಧ್ಯಾಯ ಸದ್ದಿಲ್ಲದೆ ಬಿಟ್ಟುಹೋಗುತ್ತದೆ, ಜೋಡಣೆ ದೋಷವೆಂದು ನಿಲ್ಲುವುದೂ ಇಲ್ಲ. ಒಂದೋ ಆ ಟ್ಯಾಗನ್ನೇ ತೆಗೆಯಿರಿ, ಆಗ ಜೋಡಣೆ ಅಲ್ಲೇ ದೋಷ ತೋರಿಸುತ್ತದೆ; ಇಲ್ಲವೇ ಅದರೊಳಗೆ ‘ಈ ಅಧ್ಯಾಯದ ಫೈಲ್ ಸಿಕ್ಕಿಲ್ಲ’ ಎಂಬ ಪ್ಯಾರಾ ಹಾಕಿ ಸಿಎಸ್‌ಎಸ್‌ನಲ್ಲಿ ಅದಕ್ಕೆ ಕಣ್ಣು ಕುಕ್ಕುವ ಕೆಂಪು ಕೊಡಿ. ಜೋಡಣೆ ಆದಮೇಲೆ ಎಕ್ಸ್‌ಎಂಎಲ್‌ಲಿಂಟ್‌ನ ‘ಎಕ್ಸ್‌ಪಾತ್’ ಆಯ್ಕೆಯಿಂದ (ಎಕ್ಸ್‌ಪಾತ್ ಎಂದರೆ ಫೈಲಿನೊಳಗಿನ ಟ್ಯಾಗ್ ಹುಡುಕುವ ಭಾಷೆ) ಅಧ್ಯಾಯಗಳನ್ನು ಎಣಿಸಿ ನೋಡುವುದು ಒಳ್ಳೆಯ ಅಭ್ಯಾಸ. ಡಾಕ್‌ಬುಕ್ 5ರಲ್ಲಿ ಟ್ಯಾಗ್‌ಗಳು ನೇಮ್‌ಸ್ಪೇಸಿನೊಳಗೆ (ಟ್ಯಾಗ್ ಯಾವ ಗುಂಪಿನದೆಂದು ಹೇಳುವ ಹೆಸರು) ಇರುವುದರಿಂದ ಬರೀ ‘ಚಾಪ್ಟರ್’ ಎಂದು ಕೇಳಿದರೆ 0 ಎಂಬ ಉತ್ತರ ಬರುತ್ತದೆ. ‘ಲೋಕಲ್-ನೇಮ್’ ಬಳಸಿ ಕೇಳಿ. 14 ಬರಬೇಕು.

ನೇಮ್‌ಸ್ಪೇಸ್ ಮಾತು ಬಂತಲ್ಲ, ಅಧ್ಯಾಯದ ಫೈಲೊಂದರಲ್ಲಿ ಅದನ್ನು ಬರೆಯಲು ಮರೆತಿದ್ದರೂ ಸಿಎಸ್‌ಎಸ್ ಪ್ರಿವ್ಯೂ ಸರಿಯಾಗಿಯೇ ಕಾಣುತ್ತದೆ. ನೇಮ್‌ಸ್ಪೇಸ್ ಘೋಷಿಸದ ಸಿಎಸ್‌ಎಸ್ ಹೆಸರನ್ನು ಮಾತ್ರ ನೋಡುತ್ತದೆ, ಎಕ್ಸ್‌ಎಸ್‌ಎಲ್‌ಟಿ ಎರಡನ್ನೂ ನೋಡುತ್ತದೆ. ಸ್ಟೈಲ್ ಮಾಡಿದ್ದು ಒಂದರಲ್ಲಿ, ಅಚ್ಚಿಗೆ ಹೋಗುವುದು ಇನ್ನೊಂದರಲ್ಲಿ ಎಂದಾದರೆ ಈ ಅಧ್ಯಾಯ ಕೊನೆಯ ದಿನ ಕೈಕೊಡುತ್ತದೆ.

ಪ್ರಶ್ನೆ: ಜೋಡಿಸಿ ನೋಡುವುದನ್ನು ಕಲಿತಿದ್ದೇನೆ. ಆದರೆ ಬಿಡಿ ಫೈಲಿನಲ್ಲಿ ಅಚ್ಚುಕಟ್ಟಾಗಿದ್ದ ಶೀರ್ಷಿಕೆಗಳು ಪುಸ್ತಕದಲ್ಲಿ ಸಣ್ಣದಾಗುತ್ತವೆ. ಕೆಲವು ಕಡೆ ಪಠ್ಯವೇ ಸಣ್ಣದಾಗುತ್ತದೆ. ಕ್ರಮಸಂಖ್ಯೆಯೂ ಏರುಪೇರು.
— ಓದುಗರು, ಮೈಸೂರು

ಉತ್ತರ: ಮೂರೂ ಬೇರೆ ಬೇರೆ ಕಾರಣ, ಮೂಲ ಒಂದೇ: ಫೈಲಿನ ತುದಿಯಲ್ಲಿದ್ದ ಟ್ಯಾಗ್ ಪುಸ್ತಕದಲ್ಲಿ ಇನ್ನೊಂದರ ಹೊಟ್ಟೆಯೊಳಗೆ ಹೋಗುತ್ತದೆ.

ಶೀರ್ಷಿಕೆ: ನಿಮ್ಮ ಫೈಲಿನ ಬೇರು ‘ಸೆಕ್ಷನ್’ ಆಗಿದ್ದರೆ, ಬಿಡಿಯಾಗಿ ತೆರೆದಾಗ ಅದು ಮೊದಲ ಹಂತ. ಪುಸ್ತಕದಲ್ಲಿ ಅಧ್ಯಾಯದೊಳಗಿನ ಸೆಕ್ಷನ್ನಿನೊಳಗೆ ಬಂದರೆ ಮೂರನೆಯ ಹಂತ. ಸಿಎಸ್‌ಎಸ್‌ನಲ್ಲಿ ‘ಸೆಕ್ಷನ್ > ಟೈಟಲ್’ ಎಂದಷ್ಟೇ ಬರೆದು ಗಾತ್ರ ಕೊಟ್ಟವರಿಗೆ ಹಂತಗಳು ಕಾಣುವುದೇ ಇಲ್ಲ. ‘ಚಾಪ್ಟರ್ > ಸೆಕ್ಷನ್ > ಟೈಟಲ್’, ‘ಚಾಪ್ಟರ್ > ಸೆಕ್ಷನ್ > ಸೆಕ್ಷನ್ > ಟೈಟಲ್’ ಎಂದು ಅಧ್ಯಾಯದಿಂದ ಶುರು ಮಾಡಿ ಹಂತ ಹಂತವಾಗಿ ಬರೆಯಿರಿ. ಆಗ ಬಿಡಿ ಸೆಕ್ಷನ್ ಫೈಲಿಗೆ ಯಾವ ನಿಯಮವೂ ಹೊಂದದೆ ಬೋಳುಬೋಳಾಗಿ ಕಾಣುತ್ತದೆ. ಕಾಣಲಿ. ಬಿಡಿ ಫೈಲ್ ಚೆಂದ ಕಾಣಬೇಕೆಂಬ ಆಸೆಗೆ ‘ರೂಟ್’ ಎಂಬ ಆಯ್ಕೆಗಾರ ಹಾಕಿ ವಿಶೇಷ ನಿಯಮ ಬರೆಯುವುದೇ ಮೋಸದ ಪ್ರಿವ್ಯೂವಿಗೆ ಮೊದಲ ಮೆಟ್ಟಿಲು.

ಪಠ್ಯ ಸಣ್ಣದಾಗುವುದು ‘ಎಂ’ ಅಳತೆಯಿಂದ, ಅಂದರೆ ಹೊರಗಿನ ಟ್ಯಾಗಿನ ಅಕ್ಷರ ಗಾತ್ರದ ಇಷ್ಟು ಪಟ್ಟು ಎಂಬ ಅಳತೆಯಿಂದ. ಸೆಕ್ಷನ್ನಿಗೆ 0.95 ಎಂ ಎಂದು ಕೊಟ್ಟಿದ್ದೀರಿ ಎನ್ನಿ. ಒಂದೇ ಹಂತದಲ್ಲಿ 16 ಪಿಕ್ಸೆಲ್ 15.2 ಆಗುತ್ತದೆ, ಕಣ್ಣಿಗೆ ತಿಳಿಯದು. ಮೂರು ಸೆಕ್ಷನ್ ಒಂದರೊಳಗೊಂದು ಬಂದಾಗ ಮೂರು ಸಲ ಗುಣಿಸಿ 13.7 ಆಗುತ್ತದೆ. ಹೊರಗಿನ ಚೌಕಟ್ಟುಗಳಿಗೆ ಅಕ್ಷರದ ಗಾತ್ರ ಕೊಡಲೇಬೇಡಿ. ಪ್ಯಾರಾ, ಶೀರ್ಷಿಕೆಗಳಿಗೆ ಮಾತ್ರ ಕೊಡಿ, ಅದೂ ಯಾವಾಗಲೂ ಬೇರು ಟ್ಯಾಗಿನ ಗಾತ್ರವನ್ನೇ ಹಿಡಿಯುವ ‘ರೆಂ’ ಅಳತೆಯಲ್ಲಿ.

ಕ್ರಮಸಂಖ್ಯೆ: ಅಧ್ಯಾಯದ ಎಣಿಕೆಯನ್ನು ಪುಸ್ತಕದ ಟ್ಯಾಗ್ ಮೇಲೆ ಶೂನ್ಯ ಮಾಡಬೇಕು, ಚಿತ್ರ ಮತ್ತು ಸೆಕ್ಷನ್ ಎಣಿಕೆಯನ್ನು ಅಧ್ಯಾಯದ ಮೇಲೆ. ಒಂದೇ ಟ್ಯಾಗಿಗೆ ಎರಡು ಕಡೆ ‘ಕೌಂಟರ್-ರೀಸೆಟ್’ ಬರೆದರೆ ಎರಡನೆಯದು ಮೊದಲನೆಯದನ್ನು ಅಳಿಸುತ್ತದೆ, ಸೇರಿಸುವುದಿಲ್ಲ; ಎರಡು ಎಣಿಕೆಯ ಹೆಸರನ್ನೂ ಒಂದೇ ಸಾಲಿನಲ್ಲಿ ಬರೆಯಬೇಕು. ಇನ್ನು, ‘ಡಿಸ್‌ಪ್ಲೇ: ನನ್’ ಎಂದು ಅಡಗಿಸಿದ ಅಧ್ಯಾಯ ಎಣಿಕೆಗೆ ಬರುವುದಿಲ್ಲ. ಪ್ರಿವ್ಯೂವಿನಲ್ಲಿ ಕರಡು ಅಧ್ಯಾಯವನ್ನು ಹೀಗೆ ಅಡಗಿಸಿದರೆ ಮುಂದಿನದಕ್ಕೆಲ್ಲ ಒಂದು ಸಂಖ್ಯೆ ಕಡಿಮೆ ಬರುತ್ತದೆ, ಪಠ್ಯದಲ್ಲಿ ಕೈಯಿಂದ ಬರೆದ ‘7ನೇ ಅಧ್ಯಾಯ ನೋಡಿ’ ಸುಳ್ಳಾಗುತ್ತದೆ.

ಸಂಖ್ಯೆಗಳು ಕನ್ನಡ ಅಂಕಿಯಲ್ಲೇ ಬೇಕಿದ್ದರೆ ಕೌಂಟರಿನ ಎರಡನೇ ಮಾತಾಗಿ ‘ಕನ್ನಡ’ ಎಂದು ಇಂಗ್ಲಿಷಿನಲ್ಲಿ ಬರೆಯಿರಿ; ಸಿಎಸ್‌ಎಸ್‌ಗೆ ಈ ಶೈಲಿ ಗೊತ್ತು.

ಪ್ರಶ್ನೆ: ಜೋಡಿಸಿದ ಮೇಲೆ ಅರ್ಧ ಚಿತ್ರಗಳು ಕಾಣುತ್ತಿಲ್ಲ.
— ಓದುಗರು, ಹಾಸನ

ಉತ್ತರ: ಕಾಣದಿರುವವು ಉಪಫೋಲ್ಡರಿನಲ್ಲಿರುವ ಅಧ್ಯಾಯಗಳ ಚಿತ್ರಗಳೇ ಇರಬೇಕು. ಎಕ್ಸ್‌ಇನ್‌ಕ್ಲೂಡ್ ಒಳಗೆ ತಂದ ತುಂಡಿನ ಮೇಲೆ ಅದು ಎಲ್ಲಿಂದ ಬಂತು ಎಂದು ಹೇಳುವ ‘ಎಕ್ಸ್‌ಎಂಎಲ್:ಬೇಸ್’ ಗುರುತು ಹಾಕುತ್ತದೆ. ಚಿತ್ರದ ದಾರಿಯನ್ನು ಅದರ ಪ್ರಕಾರ ಓದಬೇಕು. ಬ್ರೌಸರಾಗಲಿ, ನೀವೇ ಬರೆದ ಚಿಕ್ಕ ಎಕ್ಸ್‌ಎಸ್‌ಎಲ್‌ಟಿಯಾಗಲಿ ಅದನ್ನು ಲೆಕ್ಕಕ್ಕೆ ತಗೊಳ್ಳುತ್ತದೆಂದು ನಂಬಬೇಡಿ. ಡಾಕ್‌ಬುಕ್ ಸ್ಟೈಲ್‌ಶೀಟ್‌ಗಳಲ್ಲಿ ‘ಕೀಪ್.ರಿಲೇಟಿವ್.ಇಮೇಜ್.ಯುಆರ್‌ಐಸ್’ ಎಂಬ ಪ್ಯಾರಾಮೀಟರನ್ನು 0 ಮಾಡಿದರೆ ಪೂರ್ತಿ ದಾರಿ ಬರೆದುಕೊಡುತ್ತದೆ, ಪ್ರಿವ್ಯೂವಿಗೆ ಅದು ಸಾಕು.

ಆ ಗುರುತೇ ತೊಂದರೆ ಕೊಡುವುದೂ ಉಂಟು: ನಿಮ್ಮ ಡಿಟಿಡಿಯಲ್ಲಿ (ಯಾವ ಟ್ಯಾಗ್ ಎಲ್ಲಿ ಬರಬಹುದೆಂಬ ನಿಯಮಗಳ ಫೈಲ್) ಎಕ್ಸ್‌ಎಂಎಲ್:ಬೇಸ್‌ಗೆ ಜಾಗ ಇಲ್ಲದಿದ್ದರೆ ಜೋಡಿಸಿದ ಫೈಲ್ ಪರೀಕ್ಷೆಯಲ್ಲಿ ಫೇಲ್ ಆಗುತ್ತದೆ. ಆಗ ಎಕ್ಸ್‌ಎಂಎಲ್‌ಲಿಂಟ್‌ಗೆ ‘ನೋಫಿಕ್ಸಪ್-ಬೇಸ್-ಯುಆರ್‌ಐಸ್’ ಆಯ್ಕೆ ಕೊಟ್ಟು ಗುರುತು ತಡೆಯಬಹುದು. ಚಿತ್ರಗಳನ್ನೆಲ್ಲ ಒಂದೇ ಫೋಲ್ಡರಿಗೆ ತರುವ ಕೆಲಸ ಆಗ ನಿಮ್ಮ ತಲೆಗೆ.

ಪ್ರಶ್ನೆ: ನಮ್ಮದು ಡಿಟಾ (ಟಾಪಿಕ್ ಎಂಬ ಬಿಡಿ ತುಂಡುಗಳಾಗಿ ಬರೆಯುವ ಎಕ್ಸ್‌ಎಂಎಲ್ ಪದ್ಧತಿ). ಎಚ್ಚರಿಕೆಯ ಮಾತುಗಳನ್ನೆಲ್ಲ ಒಂದು ಫೈಲಿನಲ್ಲಿಟ್ಟು ಕಾನ್‌ರೆಫ್ ಮೂಲಕ ಎಲ್ಲ ಕಡೆ ಎಳೆದುಕೊಳ್ಳುತ್ತೇವೆ. ಮೂಲ ಫೈಲಿನಲ್ಲಿ ‘ವಾರ್ನಿಂಗ್’ ಆಗಿರುವುದು ಪಿಡಿಎಫ್‌ನಲ್ಲಿ ಕೆಲವು ಕಡೆ ಸಾದಾ ಸೂಚನೆಯ ಬಣ್ಣದಲ್ಲಿ ಬರುತ್ತದೆ. ಎಡಿಟರಿನ ಪ್ರಿವ್ಯೂ ನಂಬುವುದೋ, ಪಿಡಿಎಫ್ ನಂಬುವುದೋ?
— ಓದುಗರು, ಬೆಂಗಳೂರು

ಉತ್ತರ: ಎರಡನ್ನೂ ಬಿಡಿ, ನಡುವಿನದನ್ನು ನೋಡಿ. ಡಿಟಾದಿಂದ ಪಿಡಿಎಫ್, ಎಚ್‌ಟಿಎಂಎಲ್ ಮಾಡುವ ಡಿಟಾ ಓಪನ್ ಟೂಲ್‌ಕಿಟ್ ಮೊದಲು ಕಾನ್‌ರೆಫ್, ಕೀ (ಹೆಸರಿಟ್ಟು ಕರೆಯುವ ಪಠ್ಯ ಅಥವಾ ಫೈಲ್), ಫಿಲ್ಟರ್‌ಗಳನ್ನೆಲ್ಲ ಬಿಡಿಸಿ ಒಂದು ತಾತ್ಕಾಲಿಕ ಫೋಲ್ಡರಿನಲ್ಲಿ ಇಡುತ್ತದೆ, ಆಮೇಲೆ ಅದಕ್ಕೆ ಸ್ಟೈಲ್ ಹಚ್ಚುತ್ತದೆ, ಕೆಲಸ ಮುಗಿದಮೇಲೆ ಫೋಲ್ಡರನ್ನು ಅಳಿಸುತ್ತದೆ. ಅಳಿಸದಂತೆ ‘ಕ್ಲೀನ್.ಟೆಂಪ್’ ಎಂಬುದಕ್ಕೆ ‘ನೋ’ ಕೊಡಿ, ‘ಟೆಂಪ್’ ಆಯ್ಕೆಯಲ್ಲಿ ನಿಮಗೆ ಬೇಕಾದ ಫೋಲ್ಡರಿನ ಹೆಸರು ಕೊಡಿ. ಪಿಡಿಎಫ್ ಮಾಡಿದ ಮೇಲೆ ಆ ಫೋಲ್ಡರಿನಲ್ಲಿ ಮ್ಯಾಪಿನ (ಟಾಪಿಕ್‌ಗಳ ಕ್ರಮ ಹೇಳುವ ಫೈಲ್) ಹೆಸರಿನ ಕೊನೆಗೆ ‘ಮರ್ಜ್‌ಡ್’ ಎಂದಿರುವ ಎಕ್ಸ್‌ಎಂಎಲ್ ಇರುತ್ತದೆ: ಇದೇ ಸೇರಿದ ಪುಸ್ತಕ. ಪಕ್ಕದಲ್ಲಿ ‘ಟಾಪಿಕ್.ಎಫ್‌ಒ’ ಇರುತ್ತದೆ: ಇದು ಸ್ಟೈಲ್ ಹಚ್ಚಿದ ನಂತರದ್ದು. ಎಚ್ಚರಿಕೆ ಮೊದಲನೆಯದರಲ್ಲೇ ತಪ್ಪಿದ್ದರೆ ದೋಷ ಬರವಣಿಗೆಯದು. ಅಲ್ಲಿ ಸರಿಯಿದ್ದು ಎರಡನೆಯದರಲ್ಲಿ ತಪ್ಪಿದ್ದರೆ ಸ್ಟೈಲಿನದು. ಎರಡೂ ಸರಿಯಿದ್ದು ಪಿಡಿಎಫ್ ತಪ್ಪಿದ್ದರೆ ಪುಟ ಕಟ್ಟಿ ಪಿಡಿಎಫ್ ಮಾಡುವ ಫಾರ್ಮ್ಯಾಟರಿನದು. ಗಂಟೆಗಟ್ಟಲೆ ವಾದ ಮಾಡುವುದನ್ನು ಈ ಎರಡು ಫೈಲ್ ಐದು ನಿಮಿಷದಲ್ಲಿ ತೀರ್ಮಾನಿಸುತ್ತವೆ.

ನೀವು ಹೇಳಿದ ಲಕ್ಷಣಕ್ಕೆ ನಮ್ಮ ಊಹೆ ಬರವಣಿಗೆಯ ಕಡೆಗೆ. ಕಾನ್‌ರೆಫ್ ಹಾಕಿದ ಜಾಗದಲ್ಲೇ ‘ಟೈಪ್’ ಬರೆದಿದ್ದರೆ ಅಲ್ಲಿ ಬರೆದದ್ದೇ ಗೆಲ್ಲುತ್ತದೆ, ಮೂಲದ್ದಲ್ಲ. ಯಾರೋ ಹಳೆಯ ‘ನೋಟ್’ ಅನ್ನು ನಕಲು ಮಾಡಿ ಕಾನ್‌ರೆಫ್ ಮಾತ್ರ ಸೇರಿಸಿದ್ದರೆ ಹಳೆಯ ಟೈಪ್ ಹಾಗೇ ಉಳಿದಿರುತ್ತದೆ. ಅದನ್ನು ತೆಗೆಯಿರಿ. ಮರ್ಜ್ ಆದ ಫೈಲಿನಲ್ಲಿ ಪ್ರತಿ ಟ್ಯಾಗಿನ ಮೇಲೆ ‘ಎಕ್ಸ್‌ಟಿಆರ್‌ಎಫ್’, ‘ಎಕ್ಸ್‌ಟಿಆರ್‌ಸಿ’ ಎಂಬ ಎರಡು ಗುರುತು ಇರುತ್ತವೆ. ಮೊದಲನೆಯದು ಯಾವ ಫೈಲಿನಿಂದ ಬಂತು, ಎರಡನೆಯದು ಆ ಫೈಲಿನಲ್ಲಿ ಎಲ್ಲಿತ್ತು ಎಂದು ಹೇಳುತ್ತವೆ. ನೂರಾರು ಟಾಪಿಕ್‌ಗಳ ನಡುವೆ ತಪ್ಪಿತಸ್ಥನನ್ನು ಹುಡುಕಲು ಬೇರೆ ಉಪಾಯವೇ ಬೇಡ.

ಇದೇ ಸಂದರ್ಭದಲ್ಲಿ ಇನ್ನೊಂದು ಬಲೆ. ಡಿಟಾ ಸ್ಟೈಲ್‌ಗಳನ್ನು ಟ್ಯಾಗಿನ ಹೆಸರಿಗಲ್ಲ, ‘ಕ್ಲಾಸ್’ ಬೆಲೆಗೆ ಬರೆಯಬೇಕೆಂದು ನಿಮಗೆ ಗೊತ್ತು. ಆದರೆ ಆ ಕ್ಲಾಸ್ ನಿಮ್ಮ ಮೂಲ ಫೈಲಿನಲ್ಲಿ ಬರೆದಿರುವುದಿಲ್ಲ, ಡಿಟಿಡಿಯಿಂದ ತಾನಾಗಿ ಬರುತ್ತದೆ. ಬ್ರೌಸರ್ ಹೊರಗಿನ ಡಿಟಿಡಿ ಓದುವುದಿಲ್ಲ. ಹಾಗಾಗಿ ಮೂಲ ಟಾಪಿಕನ್ನು ನೇರ ತೆರೆದರೆ ಒಂದು ನಿಯಮವೂ ತಗುಲುವುದಿಲ್ಲ, ಸಿಎಸ್‌ಎಸ್ ಕೆಟ್ಟಿದೆ ಎನಿಸುತ್ತದೆ. ತಾತ್ಕಾಲಿಕ ಫೋಲ್ಡರಿನ ಫೈಲ್‌ಗಳಲ್ಲಿ ಕ್ಲಾಸ್ ಬರೆದೇ ಇರುತ್ತದೆ, ಅವಕ್ಕೆ ಸಿಎಸ್‌ಎಸ್ ಜೋಡಿಸಿ ನೋಡಿ. ಎಕ್ಸ್‌ಎಸ್‌ಎಲ್‌ಟಿಯಲ್ಲಿ ‘ಟಾಪಿಕ್/ನೋಟ್’ ಎಂದು ಹುಡುಕುವಾಗ ಎರಡೂ ಬದಿಗೆ ಒಂದೊಂದು ಸ್ಪೇಸ್ ಇರಲಿ. ಇಲ್ಲದಿದ್ದರೆ ‘ಟಾಪಿಕ್/ಪಿ’ ಎಂದು ಹುಡುಕಿದಾಗ ‘ಟಾಪಿಕ್/ಪಿಎಚ್’ ಕೂಡ ಸಿಕ್ಕಿ ಪದಗುಚ್ಛವೆಲ್ಲ ಪ್ಯಾರಾ ಆಗಿಬಿಡುತ್ತದೆ.

ಎಚ್‌ಟಿಎಂಎಲ್ ನೋಡಿ ಪಿಡಿಎಫ್‌ನ ಶೀರ್ಷಿಕೆ ಗಾತ್ರ ತೀರ್ಮಾನಿಸಬೇಡಿ. ಟೂಲ್‌ಕಿಟ್‌ನ ಸಾಮಾನ್ಯ ಎಚ್‌ಟಿಎಂಎಲ್‌ನಲ್ಲಿ ಪ್ರತಿ ಟಾಪಿಕ್ ಒಂದು ಬೇರೆ ಪುಟ, ಶೀರ್ಷಿಕೆಗಳೆಲ್ಲ ಮೊದಲ ಹಂತದವು. ಪಿಡಿಎಫ್‌ನಲ್ಲಿ ಮ್ಯಾಪಿನಲ್ಲಿ ಎಷ್ಟು ಆಳದಲ್ಲಿದೆಯೋ ಅಷ್ಟನೇ ಹಂತ.

ಪ್ರಶ್ನೆ: ‘ವಿದ್ಯುತ್ ಸಂಪರ್ಕ ತೆಗೆಯುವ ಕ್ರಮ’ ಎಂಬ ಒಂದೇ ಫೈಲನ್ನು ಮೂರು ಅಧ್ಯಾಯಗಳಲ್ಲಿ ಎಕ್ಸ್‌ಇನ್‌ಕ್ಲೂಡ್ ಮಾಡಿದ್ದೇವೆ. ಪ್ರಿವ್ಯೂವಿನಲ್ಲಿ ಯಾವ ಕೊಂಡಿ ಒತ್ತಿದರೂ ಮೊದಲ ಅಧ್ಯಾಯಕ್ಕೇ ಹೋಗುತ್ತದೆ.
— ಓದುಗರು, ಮಂಗಳೂರು

ಉತ್ತರ: ಒಂದೇ ಐಡಿ (ಕೊಂಡಿ ಗುರಿಯಿಡುವ ಹೆಸರು) ಪುಸ್ತಕದಲ್ಲಿ ಮೂರು ಸಲ ಬಂದಿದೆ. ಬಿಡಿ ಫೈಲ್‌ಗಳನ್ನು ಪರೀಕ್ಷಿಸಿದರೆ ಇದು ಸಿಕ್ಕಿಬೀಳುವುದೇ ಇಲ್ಲ. ಜೋಡಿಸಿದ ಫೈಲಿನಿಂದ ಐಡಿಗಳನ್ನೆಲ್ಲ ಎಕ್ಸ್‌ಪಾತ್‌ನಲ್ಲಿ ತೆಗೆದು, ‘ಸಾರ್ಟ್’ಗೆ ಹಾಕಿ, ‘ಯೂನಿಕ್’ಗೆ ಒಂದೇ ಅಡ್ಡಗೆರೆಯ ‘ಡಿ’ ಕೊಟ್ಟರೆ ಮರುಕಳಿಸಿದವು ಮಾತ್ರ ಪಟ್ಟಿಯಾಗುತ್ತವೆ. ಡಿಟಿಡಿ ಇದ್ದವರಿಗೆ ಎಕ್ಸ್‌ಎಂಎಲ್‌ಲಿಂಟ್‌ನ ‘ಪೋಸ್ಟ್‌ವ್ಯಾಲಿಡ್’ ಆಯ್ಕೆ ಇದೆ, ಅದು ಜೋಡಣೆ ಮುಗಿದ ಮೇಲೆ ಪರೀಕ್ಷೆ ಮಾಡುತ್ತದೆ.

ಪರಿಹಾರ: ಹಂಚಿಕೊಂಡ ಫೈಲಿನೊಳಗೆ ಐಡಿಯೇ ಬೇಡ. ಪ್ರತಿ ಅಧ್ಯಾಯದಲ್ಲಿ ಅದನ್ನು ಕರೆಯುವ ಜಾಗದ ಸುತ್ತ ಒಂದು ಸೆಕ್ಷನ್ ಹಾಕಿ, ಐಡಿಯನ್ನು ಆ ಸೆಕ್ಷನ್ನಿಗೆ ಕೊಡಿ. ‘ಇನ್‌ಕ್ಲೂಡ್’ ಟ್ಯಾಗಿನ ಮೇಲೆಯೇ ಐಡಿ ಬರೆದರೆ ಪ್ರಯೋಜನವಿಲ್ಲ, ಎಕ್ಸ್‌ಇನ್‌ಕ್ಲೂಡ್ 1.0ರಲ್ಲಿ ಅದು ಒಳಗೆ ಬಂದ ತುಂಡಿಗೆ ದಾಟುವುದಿಲ್ಲ. ಸೆಕ್ಷನ್ ಸುತ್ತಿದ್ದರಿಂದ ಒಂದು ಹಂತ ಹೆಚ್ಚುತ್ತದೆ ಎಂಬುದು ನೆನಪಿರಲಿ. ಶೀರ್ಷಿಕೆಯನ್ನು ಹೊರಗಿನ ಸೆಕ್ಷನ್ನಿಗೆ ಕೊಟ್ಟು, ಹಂಚಿಕೊಂಡ ಫೈಲಿನಲ್ಲಿ ಹಂತಗಳ ಪಟ್ಟಿ ಮಾತ್ರ ಇಟ್ಟರೆ ಆ ತೊಡಕೂ ಇಲ್ಲ.

ಪ್ರಶ್ನೆ: ಕನ್ನಡ ಪುಸ್ತಕ. ಬ್ರೌಸರ್ ಪ್ರಿವ್ಯೂವಿನಲ್ಲಿ ಅಕ್ಷರ ಮುತ್ತಿನಂತಿದೆ. ಎಫ್‌ಒಪಿ ಎಂಬ ಫಾರ್ಮ್ಯಾಟರಿನಲ್ಲಿ ಪಿಡಿಎಫ್ ಮಾಡಿದರೆ ಮೊದಲು ಬರೀ # ಗುರುತು ಬಂತು, ಫಾಂಟ್ ಕೊಟ್ಟ ಮೇಲೆ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಬಂದವು. ಶೀರ್ಷಿಕೆಗಳಲ್ಲಿ ಒಂದೆರಡು ಕಡೆ ಚುಕ್ಕೆಯ ವೃತ್ತವೂ ಇದೆ.
— ಓದುಗರು, ಶಿವಮೊಗ್ಗ

ಉತ್ತರ: # ಎಂದರೆ ಎಫ್‌ಒಪಿಗೆ ಆ ಅಕ್ಷರ ಇರುವ ಫಾಂಟ್ ಸಿಗಲಿಲ್ಲ ಎಂದರ್ಥ, ಕಾನ್ಫಿಗ್ ಫೈಲಿನಲ್ಲಿ ಫಾಂಟ್ ಕೊಟ್ಟು ಅದನ್ನು ನೀವೇ ಸರಿಮಾಡಿದ್ದೀರಿ. ಒತ್ತಕ್ಷರದ್ದು ಬೇರೆ ಕತೆ. ಫಾಂಟಿನೊಳಗಿರುವ ಜೋಡಣೆಯ ನಿಯಮಗಳನ್ನು ನಡೆಸಲು ಲಿಪಿ ಗೊತ್ತಿರುವ ಎಂಜಿನ್ ಬೇಕು. ಬ್ರೌಸರ್‌ಗಳಲ್ಲಿ ಹಾರ್ಫ್‌ಬಜ್‌ನಂಥವು ಆ ಕೆಲಸ ಮಾಡುತ್ತವೆ. ಎಫ್‌ಒಪಿಯ 1.1 ಆವೃತ್ತಿಯಿಂದ ಸಂಕೀರ್ಣ ಲಿಪಿಗಳ ಬೆಂಬಲ ಬಂದರೂ ಕನ್ನಡಕ್ಕೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಫಾಂಟ್ ಬದಲಿಸಿ ಬದಲಿಸಿ ದಿನ ಕಳೆಯಬೇಡಿ, ಫಾರ್ಮ್ಯಾಟರನ್ನು ಬದಲಿಸಿ.

ಎಚ್‌ಟಿಎಂಎಲ್ ಮಾಡಿಕೊಂಡು ವೀಸಿಪ್ರಿಂಟ್‌ಗೆ ಕೊಡಬಹುದು. ಅದು ಪ್ಯಾಂಗೋ ಮತ್ತು ಹಾರ್ಫ್‌ಬಜ್ ಮೂಲಕ ಅಕ್ಷರ ಜೋಡಿಸುತ್ತದೆ, ಉಚಿತ. ಎಕ್ಸ್‌ಎಂಎಲ್‌ಗೆ ನೇರವಾಗಿ ಸಿಎಸ್‌ಎಸ್ ಹಚ್ಚಿ ಪಿಡಿಎಫ್ ಮಾಡಬೇಕಾದರೆ ಪ್ರಿನ್ಸ್ ಇದೆ. ಅದಕ್ಕೂ ‘ಎಕ್ಸ್‌ಇನ್‌ಕ್ಲೂಡ್’ ಆಯ್ಕೆ ಕೊಡಬೇಕು, ಕೊಡದಿದ್ದರೆ ಮೊದಲ ಪ್ರಶ್ನೆಯ ಬಿಳಿ ಪುಟವೇ ಪಿಡಿಎಫ್ ರೂಪದಲ್ಲಿ ಬರುತ್ತದೆ. ಅದರ ಉಚಿತ ಪರವಾನಗಿ ವಾಣಿಜ್ಯೇತರ ಬಳಕೆಗೆ, ಮೊದಲ ಪುಟದಲ್ಲಿ ಗುರುತು ಬೀಳುತ್ತದೆ.

ಯಾವುದನ್ನೇ ಆರಿಸಿ, ಮೊದಲು ಒಂದು ಸಾಲಿನ ಪರೀಕ್ಷೆ ಮಾಡಿ: ‘ಸ್ತ್ರೀ, ರಾಷ್ಟ್ರ, ಸ್ವಾತಂತ್ರ್ಯ, ಲಕ್ಷ್ಮಿ, ಜ್ಞಾನ, ಅರ್ಕಾವತಿ, ರ‍್ಯಾಂಕ್, ಸಾಫ್ಟ್‌ವೇರ್’. ಕೊನೆಯ ಎರಡು ಬೇಕೆಂದೇ ಇವೆ. ‘ರ‍್ಯಾಂಕ್’ನಲ್ಲಿ ಕಣ್ಣಿಗೆ ಕಾಣದ ಜೋಡುಗುರುತು, ‘ಸಾಫ್ಟ್‌ವೇರ್’ನಲ್ಲಿ ಬಿಡಿಸುವ ಗುರುತು ಇದೆ. ಜೋಡಣೆಯ ದಾರಿಯಲ್ಲಿ ಎಲ್ಲಾದರೂ ‘ಅನಗತ್ಯ ಅಕ್ಷರ’ಗಳನ್ನು ಗುಡಿಸುವ ಸ್ಕ್ರಿಪ್ಟ್ ಇದ್ದರೆ ಅದು ಇವನ್ನೂ ಗುಡಿಸುತ್ತದೆ. ಆಗ ‘ರ‍್ಯಾಂಕ್’ ಹೋಗಿ ‘ರ್ಯಾಂಕ್’ ಆಗುತ್ತದೆ.

ಚುಕ್ಕೆಯ ವೃತ್ತಕ್ಕೆ ಕಾರಣ ಅಕ್ಷರದ ನಡುವೆ ಬಿದ್ದ ಟ್ಯಾಗ್. ಮೂಲಾಕ್ಷರ ಟ್ಯಾಗಿನ ಹೊರಗೆ, ಅದರ ಒತ್ತೋ ಸ್ವರಚಿಹ್ನೆಯೋ ಟ್ಯಾಗಿನ ಒಳಗೆ ಉಳಿದರೆ ಕೆಲವು ಎಂಜಿನ್‌ಗಳು ಎರಡನ್ನೂ ಬೇರೆಯಾಗಿ ಜೋಡಿಸುತ್ತವೆ. ಎಡಿಟರಿನಲ್ಲಿ ಮೌಸಿನಿಂದ ಆರಿಸಿ ದಪ್ಪ ಮಾಡುವಾಗ, ಸೂಚಿಯ ಗುರುತು ಹಾಕುವಾಗ ಇದು ಆಗುತ್ತದೆ. ಹುಡುಕುವುದು ಸುಲಭ: ಟ್ಯಾಗ್ ಮುಚ್ಚಿದ ಅಥವಾ ತೆರೆದ ಕೂಡಲೇ ಅರ್ಧಾಕ್ಷರದ ಚಿಹ್ನೆಯೋ (ಹಲಂತ) ಸ್ವರಚಿಹ್ನೆಯೋ ಬಂದ ಜಾಗಗಳನ್ನು ರೆಗ್ಯುಲರ್ ಎಕ್ಸ್‌ಪ್ರೆಷನ್‌ನಲ್ಲಿ ಹುಡುಕಿ. ಕನ್ನಡದ ಅಕ್ಷರಗಳು ಯುನಿಕೋಡಿನಲ್ಲಿ 0ಸಿ80ರಿಂದ 0ಸಿಎಫ್‌ಎಫ್‌ವರೆಗೆ ಇವೆ. ಸ್ವರಚಿಹ್ನೆಗಳು ಮತ್ತು ಹಲಂತ 0ಸಿಬಿಇಯಿಂದ 0ಸಿಸಿಡಿ ನಡುವೆ.

ಸ್ಟೈಲಿನ ಕಡೆ ಮೂರು ಮಾತು. ಅಧ್ಯಾಯದ ಮೊದಲ ಅಕ್ಷರ ದೊಡ್ಡದು ಮಾಡುವ ‘ಫಸ್ಟ್-ಲೆಟರ್’ ಬೇಡ. ‘ಸ್ತ್ರೀ’ಯಲ್ಲಿ ‘ಸ್’ ಮಾತ್ರ ದೊಡ್ಡದಾಗಿ ಉಳಿದದ್ದು ಕೆಳಗೆ ಬೀಳಬಹುದು. ‘ಲೆಟರ್-ಸ್ಪೇಸಿಂಗ್’ ಬೇಡ. ಇಟಾಲಿಕ್ ಅಂತೂ ಬೇಡವೇ ಬೇಡ: ನೋಟೊ ಕನ್ನಡದಂಥ ಫಾಂಟ್‌ಗಳಲ್ಲಿ ಓರೆ ಅಕ್ಷರವೇ ಇಲ್ಲ, ಬ್ರೌಸರ್ ನೆಟ್ಟಗಿನದನ್ನೇ ಬಗ್ಗಿಸಿ ತೋರಿಸುತ್ತದೆ, ಅಚ್ಚಿಗೆ ಕೊಟ್ಟಾಗ ಬೇರೆಯೇ ಬರಬಹುದು. ಪ್ರಿವ್ಯೂವಿನ ಸಿಎಸ್‌ಎಸ್‌ನಲ್ಲಿ ‘ಫಾಂಟ್-ಸಿಂಥೆಸಿಸ್: ನನ್’ ಎಂದು ಬರೆದರೆ ಈ ನಕಲಿ ಓರೆ ಮತ್ತು ನಕಲಿ ದಪ್ಪ ಎರಡೂ ನಿಂತು, ಫಾಂಟಿನಲ್ಲಿ ನಿಜಕ್ಕೂ ಏನಿದೆ ಎಂಬುದು ಕಾಣುತ್ತದೆ. ಸಾಲಿನ ಅಂತರ 1.6ಕ್ಕಿಂತ ಕಡಿಮೆ ಮಾಡಿದರೆ ಎರಡೆರಡು ಒತ್ತು ಇಳಿಬಿದ್ದ ಕಡೆ ಕೆಳಸಾಲಿನ ಗುಣಿತಕ್ಕೆ ತಾಗುತ್ತದೆ.

ಹಳೆಯ ನುಡಿ, ಬರಹ ಫೈಲ್‌ಗಳಿಂದ ತಂದ ಅಧ್ಯಾಯ ಇದ್ದರೆ ಸ್ಟೈಲ್ ಹಚ್ಚುವ ಮೊದಲೇ ಯುನಿಕೋಡಿಗೆ ಬದಲಿಸಿರಬೇಕು. ಆ ಹಳೆಯ ಫಾಂಟ್ ನಿಮ್ಮ ಕಂಪ್ಯೂಟರಿನಲ್ಲಿ ಇದ್ದು, ಸಿಎಸ್‌ಎಸ್‌ನಲ್ಲಿ ಅದರ ಹೆಸರೂ ಉಳಿದಿದ್ದರೆ ಪ್ರಿವ್ಯೂವಿನಲ್ಲಿ ಕನ್ನಡವೇ ಕಾಣುತ್ತದೆ, ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ.

ಪ್ರಶ್ನೆ: ಡಾಕ್‌ಬುಕ್‌ನ ‘ಅಸೆಂಬ್ಲಿ’ಗೆ ಬದಲಾಗುವುದು ಲಾಭವೇ?
— ಓದುಗರು, ಸಿಂಗಪುರ

ಉತ್ತರ: ಒಂದೇ ಸರಕಿನಿಂದ ಮೂರು ನಾಲ್ಕು ಬಗೆಯ ಪುಸ್ತಕ ಮಾಡುವವರಿಗೆ ಹೌದು, ಒಂದೇ ಪುಸ್ತಕ ಮಾಡುವವರಿಗೆ ಇಲ್ಲ. ಡಾಕ್‌ಬುಕ್ 5.1ರಲ್ಲಿ ಬಂದ ಇದರಲ್ಲಿ ಫೈಲ್‌ಗಳ ಪಟ್ಟಿ ಒಂದು ಕಡೆ, ಪುಸ್ತಕದ ರಚನೆ ಇನ್ನೊಂದು ಕಡೆ. ಒಂದೇ ಟಾಪಿಕನ್ನು ಒಂದು ರಚನೆಯಲ್ಲಿ ಅಧ್ಯಾಯವಾಗಿ, ಮತ್ತೊಂದರಲ್ಲಿ ಸೆಕ್ಷನ್ನಾಗಿ ‘ರೆಂಡರ್‌ಆ್ಯಸ್’ ಮೂಲಕ ಬದಲಿಸಬಹುದು. ಅಂದರೆ ಮೂಲ ಫೈಲನ್ನು ನೋಡಿ ಸ್ಟೈಲ್ ಮಾಡುವುದಕ್ಕೆ ಇಲ್ಲಿ ಅರ್ಥವೇ ಉಳಿಯುವುದಿಲ್ಲ. ಡಾಕ್‌ಬುಕ್ ಎಕ್ಸ್‌ಎಸ್‌ಎಲ್ ಸ್ಟೈಲ್‌ಶೀಟ್‌ಗಳ ಅಸೆಂಬ್ಲಿ ಫೋಲ್ಡರಿನಲ್ಲಿರುವ ‘ಅಸೆಂಬಲ್’ ಸ್ಟೈಲ್‌ಶೀಟನ್ನು ಮೊದಲು ಓಡಿಸಿ, ಬೇಕಾದ ರಚನೆಯ ಐಡಿಯನ್ನು ‘ಸ್ಟ್ರಕ್ಚರ್.ಐಡಿ’ ಪ್ಯಾರಾಮೀಟರಿನಲ್ಲಿ ಕೊಟ್ಟು, ಬಂದ ಪುಸ್ತಕವನ್ನು ನೋಡಿ. ಪ್ರತಿ ರಚನೆಗೂ ಬೇರೆ ಪ್ರಿವ್ಯೂ ಬೇಕು.

ಪ್ರಶ್ನೆ: 600 ಪುಟದ ಪುಸ್ತಕ. ಒಂದು ಅಂಚಿನ ಅಳತೆ ಬದಲಿಸಿ ಪ್ರಿವ್ಯೂ ನೋಡಲು ಪ್ರತಿ ಸಲ ನಾಲ್ಕು ನಿಮಿಷ ಕಾಯಬೇಕು. ಬಿಡಿ ಅಧ್ಯಾಯ ನೋಡಬೇಡಿ ಎನ್ನುತ್ತೀರಿ, ಮತ್ತೆ ದಾರಿ?
— ಓದುಗರು, ಬೆಳಗಾವಿ

ಉತ್ತರ: ಪೂರ್ತಿ ಜೋಡಿಸಿ, ತುಂಡು ತೋರಿಸಿ. ಡಾಕ್‌ಬುಕ್ ಸ್ಟೈಲ್‌ಶೀಟ್‌ಗಳಲ್ಲಿ ‘ರೂಟ್‌ಐಡಿ’ ಎಂಬ ಪ್ಯಾರಾಮೀಟರ್ ಇರುವುದು ಇದಕ್ಕೇ. ಅದಕ್ಕೆ ಒಂದು ಅಧ್ಯಾಯದ ಐಡಿ ಕೊಟ್ಟರೆ ಇಡೀ ಪುಸ್ತಕ ಓದಿಕೊಂಡು ಆ ಅಧ್ಯಾಯಕ್ಕೆ ಮಾತ್ರ ಸ್ಟೈಲ್ ಹಚ್ಚುತ್ತದೆ. 9ನೇ ಅಧ್ಯಾಯ 9 ಆಗಿಯೇ ಬರುತ್ತದೆ, ಬೇರೆ ಅಧ್ಯಾಯಗಳಿಗೆ ಕೊಟ್ಟ ಕೊಂಡಿಗಳ ಪಠ್ಯವೂ ಸರಿಯಿರುತ್ತದೆ. ಸಮಯ ತಿನ್ನುವುದು ಸಾಮಾನ್ಯವಾಗಿ ಪುಟ ಕಟ್ಟುವ ಹಂತ, ಓದುವ ಹಂತವಲ್ಲ. ಹಾಗಾಗಿ ಕಾಯುವುದು ಬಹಳ ಕಡಿಮೆಯಾಗುತ್ತದೆ.

ಡಿಟಾದಲ್ಲಿ ಇದಕ್ಕೆ ಸಮನಾದದ್ದು ಚಿಕ್ಕ ಮ್ಯಾಪ್. ನೋಡಬೇಕಾದ ಟಾಪಿಕ್‌ಗಳನ್ನು ಪೂರ್ತಿ ಮ್ಯಾಪಿನಲ್ಲಿ ಇರುವಷ್ಟೇ ಆಳದಲ್ಲಿ ಅದರಲ್ಲಿ ಹಾಕಿ. ಕೀಗಳನ್ನು ಹೇಳುವ ಮ್ಯಾಪನ್ನು ‘ಪ್ರೊಸೆಸಿಂಗ್-ರೋಲ್’ಗೆ ‘ರಿಸೋರ್ಸ್-ಓನ್ಲಿ’ ಕೊಟ್ಟು ಸೇರಿಸುವುದನ್ನು ಮರೆಯಬೇಡಿ. ಮರೆತರೆ ಉತ್ಪನ್ನದ ಹೆಸರು ಬರಬೇಕಾದಲ್ಲೆಲ್ಲ ಖಾಲಿ ಬಂದು, ಸಾಲುಗಳು ಬೇರೆ ಕಡೆ ಮುರಿದು, ಇಲ್ಲದ ಲೇಔಟ್ ದೋಷದ ಹಿಂದೆ ಬೀಳುತ್ತೀರಿ.

ಇದಲ್ಲದೆ ಒಂದು ಮಾದರಿ ಪುಸ್ತಕ ಮಾಡಿಟ್ಟುಕೊಳ್ಳಿ, ಇಪ್ಪತ್ತು ಪುಟ ಸಾಕು. ನೀವು ಬಳಸುವ ಪ್ರತಿ ಟ್ಯಾಗ್ ಒಮ್ಮೆಯಾದರೂ ಬರಲಿ. ಕೆಟ್ಟ ಸಂದರ್ಭಗಳು ಬೇಕೆಂದೇ ಇರಲಿ: ಮೂರು ಸಾಲಿನ ಶೀರ್ಷಿಕೆ, ಪುಟದ ಕೊನೆಯಲ್ಲಿ ಬರುವ ಎಚ್ಚರಿಕೆ ಪೆಟ್ಟಿಗೆ, ಎರಡು ಪುಟಕ್ಕೆ ಹಬ್ಬುವ ಕೋಷ್ಟಕ, ಪಟ್ಟಿಯೊಳಗಿನ ಪಟ್ಟಿಯೊಳಗಿನ ಚಿತ್ರ, ಒಂದೇ ಫೈಲ್ ಎರಡು ಆಳದಲ್ಲಿ. ಇದನ್ನೂ ಎಕ್ಸ್‌ಇನ್‌ಕ್ಲೂಡ್‌ನಿಂದಲೇ ಜೋಡಿಸಿ, ಒಂದೇ ಫೈಲಿನಲ್ಲಿ ಬರೆಯಬೇಡಿ. ದಿನವಿಡೀ ಇದರ ಮೇಲೆ ಕೆಲಸ, ಸಂಜೆ ಒಮ್ಮೆ 600 ಪುಟ.

ಪುಟಕ್ಕೆ ಸಂಬಂಧಿಸಿದ್ದನ್ನು ಮಾತ್ರ ಬ್ರೌಸರಿನ ಪರದೆಯಲ್ಲಿ ತೀರ್ಮಾನಿಸಬೇಡಿ. ಕ್ರೋಮ್ 131ರಿಂದ ಪುಟದ ಅಂಚಿನಲ್ಲಿ ಪಠ್ಯ ಹಾಕಲು ಬರುತ್ತದೆ, ಪ್ರಿಂಟ್ ಪ್ರಿವ್ಯೂವಿನಲ್ಲಿ ನೋಡಬಹುದು. ಆದರೆ ಅಧ್ಯಾಯದ ಹೆಸರನ್ನು ಪುಟದ ತಲೆಗೆ ಎತ್ತುವ ‘ಸ್ಟ್ರಿಂಗ್-ಸೆಟ್’, ಅಡಿಟಿಪ್ಪಣಿಯನ್ನು ಪುಟದ ಬುಡಕ್ಕೆ ಇಳಿಸುವ ‘ಫ್ಲೋಟ್: ಫುಟ್‌ನೋಟ್’ ಬ್ರೌಸರ್‌ಗಳಲ್ಲಿ ಇಲ್ಲ. ಅಂಚಿನ ಅಳತೆ ಬದಲಿಸಿದಾಗ ನೀವು ನೋಡಬೇಕಾದದ್ದು ಇವನ್ನೇ: ಅಡಿಟಿಪ್ಪಣಿ ಯಾವ ಪುಟಕ್ಕೆ ಜಾರಿತು, ಕೋಷ್ಟಕ ಎಲ್ಲಿ ತುಂಡಾಯಿತು. ಅದಕ್ಕೆ ಕೊನೆಗೆ ಅಚ್ಚಿಗೆ ಬಳಸುವ ಫಾರ್ಮ್ಯಾಟರಿನಲ್ಲೇ ಮಾದರಿ ಪುಸ್ತಕವನ್ನು ಓಡಿಸಿ. ಇಪ್ಪತ್ತು ಪುಟ ಕಟ್ಟಲು ಅದಕ್ಕೆ ಹೆಚ್ಚು ಹೊತ್ತು ಬೇಡ.